ಗೂಬೆಯ ರೆಕ್ಕೆಯಂಚು

ಗಾಳಿಯಲ್ಲಿ ಸಾಗುವ ರೆಕ್ಕೆಯ ಸದ್ದಿನಲ್ಲಿ ದೊಡ್ಡ ಪಾಲು ಹುಟ್ಟುವುದು ಅದರ ಹಿಂದಂಚಿನಲ್ಲಿ. ಮೇಲ್ಮೈಗೆ ಅಂಟಿದಂತೆ ಹರಿದುಬಂದ ಸಣ್ಣ ಸುಳಿಗಳು ಅಂಚನ್ನು ದಾಟುವಾಗ ಅವುಗಳ ಒತ್ತಡದ ಏರಿಳಿತ ಅಲ್ಲಿ ಚದುರಿ, ದೂರಕ್ಕೆ ಕೇಳಿಸುವ ಶಬ್ದವಾಗಿ ಮಾರ್ಪಡುತ್ತದೆ. ಫೋಕ್ಸ್ ವಿಲಿಯಮ್ಸ್ ಮತ್ತು ಹಾಲ್ 1970ರಲ್ಲಿ ತೋರಿಸಿದಂತೆ, ಗಡುಸಾದ ಚೂಪು ಅಂಚಿನ ಶಬ್ದಶಕ್ತಿ ವೇಗದ ಐದನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ಶಕ್ತಿ 32 ಪಟ್ಟಾಗುತ್ತದೆ.

ಗೂಬೆಯ ಗರಿಯ ಅಂಚು ಗಡುಸಲ್ಲ. ಗರಿಯೆಂಬುದೇ ಒಂದು ಸಂಯುಕ್ತ ವಸ್ತು, ಎಂದರೆ ನಾರೂ ಅದನ್ನು ಹಿಡಿದಿಡುವ ಬಂಧಕವೂ ಸೇರಿದ ರಚನೆ. ಇಲ್ಲಿ ಎರಡೂ ಕೆರಟಿನ್ ಎಂಬ ಪ್ರೋಟೀನಿನವು. ಹಿಂದಂಚಿನಲ್ಲಿ ಗರಿಯ ಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳದೆ ಸೆರಗಿನ ಕುಚ್ಚಿನಂತೆ ಬಿಡಿಬಿಡಿಯಾಗಿ ಚಾಚಿಕೊಂಡು, ಗಾಳಿಯನ್ನು ನುಸುಳಗೊಡುತ್ತಲೇ ಅದರೊಡನೆ ಬಾಗುತ್ತವೆ. ಇಂಥ ಅಂಚನ್ನು 2013ರಲ್ಲಿ ಗಣಿತಕ್ಕೆ ಒಳಪಡಿಸಿದ ಜವೊರ್ಸ್ಕಿ ಮತ್ತು ಪೀಕ್, ರಂಧ್ರಮಯ ಅಂಚಿಗೆ ಆರನೆಯ ಘಾತವನ್ನೂ ಬಾಗುವ ಅಂಚಿಗೆ ಏಳನೆಯ ಘಾತವನ್ನೂ ಕಂಡರು. ಘಾತ ಏರಿದರೆ ಸದ್ದೂ ಏರಬೇಕಲ್ಲವೇ ಎಂಬ ಶಂಕೆ ಸಹಜವಾದರೂ, ಇಲ್ಲಿ ಗುಣಿಸುವುದು ಹಾರಾಟದ ವೇಗಕ್ಕೂ ಶಬ್ದದ ವೇಗಕ್ಕೂ ಇರುವ ಅನುಪಾತವೆಂಬ ಸಣ್ಣ ಭಿನ್ನರಾಶಿಯನ್ನಾದ್ದರಿಂದ, ಗುಣಿಸಿದಷ್ಟೂ ಉತ್ತರ ಕಿರಿದಾಗುತ್ತದೆ. ನಿಧಾನವಾಗಿ ಹಾರುವ ಬೇಟೆಗಾರನಿಗೆ ಇದಕ್ಕಿಂತ ಒಪ್ಪುವ ಲೆಕ್ಕ ಬೇರೆ ಸಿಗದು.

ಗಾಳಿಯಂತ್ರಗಳ ಗಾಜುನಾರಿನ ಅಲಗುಗಳಿಗೂ ಈಗ ಗರಗಸದ ಹಲ್ಲಿನಂಥ ಪಟ್ಟಿಗಳನ್ನು ಅಂಟಿಸುತ್ತಾರೆ. ಅವು ಸದ್ದನ್ನು ತಗ್ಗಿಸುವುದು ನಿಜ. ಗೂಬೆಯ ಕುಚ್ಚಿನ ಮೆದುತನಕ್ಕೆ ಮಾತ್ರ ಅವು ಇನ್ನೂ ಸಾಟಿಯಲ್ಲ.