ಡ್ರಾಯಿಂಗ್ ಟ್ಯಾಬ್ಲೆಟ್: ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಎಷ್ಟು ನಂಬಬೇಕು?

2020ರಲ್ಲಿ ಪಾಠಗಳು ಕಂಪ್ಯೂಟರಿನ ಪರದೆಗೆ ಬಂದಾಗ, ಮೌಸ್ ಹಿಡಿದು ಸಮೀಕರಣ ಬರೆಯಲು ಹೆಣಗಿದ ಅನೇಕ ಶಿಕ್ಷಕರು ಡ್ರಾಯಿಂಗ್ ಟ್ಯಾಬ್ಲೆಟ್‌ನ ಮೊರೆ ಹೋದರು. ಐದು ಸಾವಿರ ರೂಪಾಯಿಯೊಳಗೇ ಹಲವು ಮಾದರಿಗಳು ಸಿಗುತ್ತವೆ. ಕೊಳ್ಳಹೊರಟ ನಿಮ್ಮ ಕಣ್ಣಿಗೆ ಮೊದಲು ಬೀಳುವುದು ಅಂಕಿಗಳು. ಹ್ಯುಯಾನ್ ಎಚ್640ಪಿ ಮಾದರಿಗೆ 8192 ಒತ್ತಡದ ಹಂತಗಳು, ಅಂಗುಲಕ್ಕೆ 5080 ಗೆರೆಗಳ ಸೂಕ್ಷ್ಮತೆ. ಒನ್ ಬೈ ವಾಕಾಮ್‌ನ ಚಿಕ್ಕ ಮಾದರಿಗೆ 2048 ಮತ್ತು 2540 ಮಾತ್ರ. ಹಾಗಾದರೆ ಮೊದಲನೆಯದೇ ಮೇಲೆಂದು ತೀರ್ಮಾನಿಸಬಹುದೇ? ಲೆಕ್ಕ ಹಾಕಿ ನೋಡೋಣ.

ಒನ್ ಬೈ ವಾಕಾಮ್‌ನಲ್ಲಿ ಬರೆಯುವ ಜಾಗದ ಅಗಲ 152 ಮಿಲಿಮೀಟರ್. ಅದನ್ನು 1920 ಪಿಕ್ಸೆಲ್ ಅಗಲದ ಪರದೆಗೆ ಹೊಂದಿಸಿದರೆ ಒಂದು ಪಿಕ್ಸೆಲಿನ ಪಾಲಿಗೆ ಬರುವುದು ಸುಮಾರು 0.08 ಮಿ.ಮೀ. ಅಂಗುಲಕ್ಕೆ 2540 ಗೆರೆ ಎಂದರೆ 0.01 ಮಿ.ಮೀ.ಗೆ ಒಂದು. ಅಂದರೆ ಒಂದು ಪಿಕ್ಸೆಲಿನೊಳಗೇ ಎಂಟು ಸ್ಥಾನಗಳನ್ನು ಗುರುತಿಸುವ ಶಕ್ತಿ ಈಗಾಗಲೇ ಇದೆ! ಅದನ್ನು ಹದಿನಾರು ಮಾಡಿದರೆ ಪರದೆಯ ಮೇಲೆ ಕಾಣುವುದೇನು? ನಿಮ್ಮ ಕೈಯ ಸಹಜ ಕಂಪನವೇ ಇದಕ್ಕಿಂತ ದೊಡ್ಡದು.

ಒತ್ತಡದ ಹಂತಗಳ ಕಥೆಯೂ ಇದೇ. ಸಾಮಾನ್ಯ ಚಿತ್ರಕಡತದಲ್ಲಿ ಒಂದು ಬಣ್ಣಕ್ಕೆ 256 ಛಾಯೆಗಳು. ಗೆರೆಯ ದಪ್ಪ ಒಂದರಿಂದ ಇಪ್ಪತ್ತು ಪಿಕ್ಸೆಲ್‌ವರೆಗೆ ಬದಲಾಗುವುದಾದರೆ 2048 ಹಂತಗಳೇ ಧಾರಾಳ. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಮೂಡುತ್ತದೆ? ಈ ಎರಡೂ ಮಾದರಿಗಳ ಪೆನ್ನಿಗೆ ಬ್ಯಾಟರಿ ಬೇಡ. ಫಲಕದಡಿಯ ತಂತಿ ಸುರುಳಿಗಳು ಹೊಮ್ಮಿಸುವ ವಿದ್ಯುತ್ಕಾಂತೀಯ ಸಂಕೇತಕ್ಕೆ ಪೆನ್ನಿನೊಳಗಿನ ಮಂಡಲವು ಅನುರಣನಗೊಂಡು ಉತ್ತರಿಸುತ್ತದೆ. ಮೊನೆ ಒತ್ತಿದಾಗ ಆ ಉತ್ತರ ತುಸು ಬದಲಾಗುತ್ತದೆ. ಮೊನೆ ಬಿಗಿಯಾಗಿದ್ದರೆ ಹಗುರ ಸ್ಪರ್ಶ ದಾಖಲಾಗುವುದೇ ಇಲ್ಲ. ಮುಂದೆ ಎಂಟು ಸಾವಿರ ಹಂತಗಳಿದ್ದೇನು ಫಲ? ಅಂಗಡಿಯಲ್ಲಿ ಬರೆದು ನೋಡಲು ಬಿಟ್ಟರೆ ಇದನ್ನೇ ಮೊದಲು ಪರೀಕ್ಷಿಸಿ. (ಫೋನಿಗೆಂದು ಮಾರುವ ರಬ್ಬರ್ ಮೊನೆಯ ಕಡ್ಡಿ ಈ ಜಾತಿಯದಲ್ಲ. ಅದು ಬೆರಳಿಗೆ ಬದಲಿ, ಅಷ್ಟೆ.)

ಹ್ಯುಯಾನ್‌ಗೆ ಸಲ್ಲಬೇಕಾದ ಹೊಗಳಿಕೆ ಬೇರೆ ಕಡೆ ಇದೆ. ಅದರ ಅಂಚಿನಲ್ಲಿ ಆರು ಗುಂಡಿಗಳಿವೆ. ಪಾಠದ ನಡುವೆ ತಪ್ಪು ಗೆರೆ ಅಳಿಸಲು, ಪುಟ ತಿರುಗಿಸಲು ಇವು ನಿಜಕ್ಕೂ ಉಪಯುಕ್ತ. ವಾಕಾಮ್‌ನ ಈ ಮಾದರಿಯಲ್ಲಿ ಅವು ಇಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ವಾಕಾಮ್ ಅನುಕೂಲ, ಏಕೆಂದರೆ ಅದಕ್ಕೆ ಬೇಕಾದ ಡ್ರೈವರ್ ಲಿನಕ್ಸ್‌ನ ತಿರುಳಿನಲ್ಲೇ ಸೇರಿದೆ. ಯಾವುದನ್ನೇ ಕೊಳ್ಳಿ, ಬೇರೆ ಕಂಪನಿಯ ಹಳೆಯ ಡ್ರೈವರ್ ಇದ್ದರೆ ತೆಗೆದುಹಾಕಿ. ಎರಡು ಸೇರಿದರೆ ಜಗಳ ಖಚಿತ. ತಂತ್ರಾಂಶಕ್ಕೆ ಹಣ ಸುರಿಯಬೇಕಿಲ್ಲ. ಚಿತ್ರಕ್ಕೆ ಕ್ರಿಟಾ, ಬರವಣಿಗೆಗೆ ಜರ್ನಲ್++ ಉಚಿತವಾಗಿವೆ.

ಗಣಿತ ಶಿಕ್ಷಕರು ಇನ್ನೊಂದನ್ನು ಗಮನಿಸಬೇಕು. 152×95 ಮಿ.ಮೀ. ಫಲಕದ ಅನುಪಾತ 1.6; ಇಂದಿನ ಬಹುತೇಕ ಪರದೆಗಳದು 16:9, ಎಂದರೆ 1.78. ಪೂರ್ತಿ ಫಲಕವನ್ನು ಪೂರ್ತಿ ಪರದೆಗೆ ಹೊಂದಿಸಿದರೆ ನೀವು ಬರೆದ ವೃತ್ತ ಶೇಕಡಾ 11ರಷ್ಟು ಅಗಲವಾಗಿ ದೀರ್ಘವೃತ್ತವಾಗುತ್ತದೆ. ವಿದ್ಯಾರ್ಥಿಗಳು ನಗುವ ಮುನ್ನ ಡ್ರೈವರಿನಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆಯನ್ನು ಗುರುತು ಮಾಡಿ. ಫಲಕದ ಎತ್ತರದಲ್ಲಿ ಒಂದು ಸೆಂಟಿಮೀಟರ್‌ನಷ್ಟು ಬಳಕೆಯಿಲ್ಲದೆ ಉಳಿಯುತ್ತದೆ, ಉಳಿಯಲಿ.

ಕೈ ಒಂದೆಡೆ, ಕಣ್ಣು ಒಂದೆಡೆ ಇರುವುದರಿಂದ ಮೊದಲ ಕೆಲವು ದಿನ ಅಕ್ಷರಗಳು ಒಂದನೇ ತರಗತಿಯ ಮಗುವಿನವು. ಕೈ ನೋಡಬೇಡಿ, ಪರದೆಯನ್ನೇ ನೋಡಿ. ಫಲಕ ತೀರ ಜಾರುತ್ತಿದ್ದರೆ ಮೇಲೊಂದು ಬಿಳಿ ಹಾಳೆ ಅಂಟಿಸಿ. ಕಾಗದದ ಮೂಲಕವೂ ಸಂಕೇತ ಹಾಯುತ್ತದೆ. ಆದರೆ ಮೊನೆ ಬೇಗ ಸವೆಯುತ್ತದೆ. ಓರೆಯಾಗಿ ಸವೆದು ಅಂಚು ಚೂಪಾದ ಮೊನೆಯನ್ನು ಕೂಡಲೇ ಬದಲಿಸಿ, ಇಲ್ಲದಿದ್ದರೆ ಫಲಕದ ಮೇಲೆ ಗೀರು ಬೀಳುತ್ತದೆ.