ಲಕೋಟೆ ನೋಡುವವರು, ರಸ್ತೆ ನೋಡದವರು

ನಾವು ಹೆಂಗಸರು ಬದನೆಕಾಯಿ ಕೊಳ್ಳುವಾಗಲೂ ಬೆಲೆಯೊಂದನ್ನೇ ಕೇಳುವುದಿಲ್ಲ. ತಿರುಗಿಸಿ ನೋಡುತ್ತೇವೆ, ಮನೆಗೆ ತಂದು ಹೆಚ್ಚಿದಾಗ ಹುಳು ಕಂಡರೆ ಮರುದಿನ ಅದೇ ಅಂಗಡಿಯವನನ್ನು ಕೇಳುತ್ತೇವೆ. ನಮ್ಮ ಪುರಸಭೆ, ನಗರಸಭೆಗಳು ರಸ್ತೆ ಮಾಡಿಸುವ ರೀತಿಯೇ ಬೇರೆ. ಅಲ್ಲಿ ಎಚ್ಚರವೆಲ್ಲ ಟೆಂಡರು ತೆರೆಯುವ ಗಳಿಗೆಗೇ ಮುಗಿದುಹೋಗುತ್ತದೆ.

ಕಾನೂನು ಇಲ್ಲವೆಂದಲ್ಲ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ತರಲೆಂದೇ ಕರ್ನಾಟಕ 1999ರಲ್ಲಿ ಅಧಿನಿಯಮ ಮಾಡಿತು. ಪ್ರಕಟಣೆ ಕೊಡಬೇಕು, ಠೇವಣಿ ಇಡಿಸಿಕೊಳ್ಳಬೇಕು, ಅರ್ಹರಲ್ಲಿ ಕಡಿಮೆ ದರ ಹಾಕಿದವರಿಗೆ ಕೆಲಸ ಕೊಡಬೇಕು. ಟೆಂಡರು ಪೆಟ್ಟಿಗೆಯ ಹತ್ತಿರ ಬೇರೆಯವರನ್ನು ಸುಳಿಯಗೊಡದಿದ್ದ ಕಾಲವೊಂದಿತ್ತು. ದರಗಳು ಕಂಪ್ಯೂಟರಿನಲ್ಲೇ ಬರತೊಡಗಿದ ಮೇಲೆ ಆ ದಬ್ಬಾಳಿಕೆ ತಗ್ಗಿತು. ಇದು ಸಣ್ಣ ಮಾತಲ್ಲ.

ಆದರೆ ಬೇಲಿಯಲ್ಲಿ ಕಿಂಡಿಗಳಿವೆ. ಒಂದೇ ರಸ್ತೆಯ ಕೆಲಸವನ್ನು ತುಂಡು ತುಂಡು ಮಾಡಿದರೆ ಪ್ರತಿ ತುಂಡೂ ದೊಡ್ಡ ಪೈಪೋಟಿಯಿಂದ ತಪ್ಪಿಸಿಕೊಳ್ಳಬಹುದು. ಅದೇ ಅಧಿನಿಯಮದ 4(ಜಿ) ಕಲಮಿನಡಿ ಸರ್ಕಾರ ಅಧಿಸೂಚನೆ ಹೊರಡಿಸಿ, ಗೊತ್ತಾದ ಕೆಲಸಕ್ಕೆ ಟೆಂಡರಿನಿಂದಲೇ ವಿನಾಯಿತಿ ಕೊಡಬಹುದು. ತುರ್ತಿಗೆಂದು ಇಟ್ಟ ಬಾಗಿಲು ದಿನಬಳಕೆಯ ಬಾಗಿಲಾದರೆ ಬೀಗ ಹಾಕಿ ಏನು ಪ್ರಯೋಜನ?

ಕಿಂಡಿಗಳನ್ನೆಲ್ಲ ಮುಚ್ಚಿದರೂ ನನ್ನ ತಕರಾರು ಉಳಿಯುತ್ತದೆ. ಅಂದಾಜಿಗಿಂತ ತೀರಾ ಕಡಿಮೆಗೆ ಕೆಲಸ ಹಿಡಿದ ಗುತ್ತಿಗೆದಾರ ನಷ್ಟವನ್ನು ಎಲ್ಲಿ ತುಂಬಿಕೊಳ್ಳುತ್ತಾನೆ? ಜಲ್ಲಿಯಲ್ಲಿ, ಡಾಂಬರಿನ ದಪ್ಪದಲ್ಲಿ. ಅದು ನೆಲದೊಳಗೆ ಹೂತುಹೋಗುವ ಲೆಕ್ಕ. ಇಂಜಿನಿಯರರು ಅಳತೆ ಪುಸ್ತಕದಲ್ಲಿ ಬರೆದದ್ದೇ ಸತ್ಯವಾಗಿ ಬಿಲ್ಲು ಪಾಸಾಗುತ್ತದೆ. ಮೊದಲ ಮಳೆಗೆ ಗುಂಡಿ ಬೀಳುತ್ತದೆ. ಮಗುವನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೋಗುವ ತಾಯಿಗೆ, ಆಟೋದಲ್ಲಿ ಕುಲುಕುತ್ತ ಆಸ್ಪತ್ರೆಗೆ ಹೋಗುವ ತುಂಬು ಗರ್ಭಿಣಿಗೆ ಆ ಕಡಿಮೆ ದರದ ನಿಜವಾದ ಬೆಲೆ ಗೊತ್ತು.

ಕೆಲಸ ಮುಗಿದ ಮೇಲೂ ಇಷ್ಟು ಕಾಲ ದೋಷ ಕಂಡರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕೆಂಬ ಷರತ್ತು ಕರಾರಿನಲ್ಲಿರುತ್ತದೆ. ಆ ಅವಧಿ ಯಾವಾಗ ಮುಗಿಯುತ್ತದೆಂದು ಬೀದಿಯವರಿಗೆ ಯಾರೂ ಹೇಳುವುದಿಲ್ಲ. ಹೇಳದಿದ್ದರೆ ಕೇಳುವವರೂ ಇಲ್ಲ. ಕೇಳುವವರಿಲ್ಲದಿದ್ದರೆ ಅದೇ ಗುಂಡಿಗೆ ಮತ್ತೊಂದು ಅಂದಾಜು, ಮತ್ತೊಂದು ಟೆಂಡರು. ಹಣ ಮಾತ್ರ ಎರಡು ಸಲವೂ ನಮ್ಮ ಮನೆ ಕಂದಾಯದ್ದೇ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಈ ಸಭೆಗಳಲ್ಲಿ ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕೊಟ್ಟಿತು. ಅಲ್ಲಿ ಕೂತ ಅಕ್ಕಂದಿರು ಟೆಂಡರು ಯಾರಿಗಾಯಿತು ಎಂದಷ್ಟೇ ಕೇಳಿದರೆ ಸಾಲದು. ಹಿಂದಿನ ಸಲದವನ ಹೊಣೆ ಮುಗಿದಿದೆಯೇ ಎಂದು ಕೇಳಬೇಕು. ಹೊರಗಿರುವ ನಮಗೂ ದಾರಿಯಿದೆ. 2005ರ ಮಾಹಿತಿ ಹಕ್ಕು ಅಧಿನಿಯಮ ಕಾಗದದ ನಕಲನ್ನಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಒಂದು ಬೀದಿಯ ನಾಲ್ಕು ಮನೆಯವರು ಸೇರಿ ಒಂದು ಅರ್ಜಿ ಬರೆದರೂ ಸಾಕು. ಮುಂದಿನ ರಸ್ತೆಗೆ ಡಾಂಬರು ಹಾಕುವಾಗ ಅಳತೆಯ ಕೋಲು ತಾನಾಗಿಯೇ ಹೊರಗೆ ಬರುತ್ತದೆ.