ಹಿಂದಿನ ತಾರೀಖಿನ ಫೋಟೋಗಳು

ಕೋಥರೂಡದ ನಮ್ಮ ಭಾಗದಲ್ಲಿ ಈಗ ಅರವತ್ತರ ಶಾಂತಿ, ಮದುವೆಯ ಐವತ್ತನೇ ವರ್ಷ ಎಂದರೆ ಒಂದು ಫೋಟೋ ಪುಸ್ತಕ ಇರಲೇಬೇಕು. ಹಾಲ್ ಬುಕ್ ಮಾಡಿದ ಹಾಗೆ ಅದಕ್ಕೂ ಆರ್ಡರ್ ಕೊಡ್ತಾರೆ. ಇಂಥ ಏಳೆಂಟು ಪುಸ್ತಕ ನೋಡಿದ್ದೇನೆ. ಕನ್ನಡಿಗರದಿರಲಿ, ಮರಾಠಿಗರದಿರಲಿ, ಎಲ್ಲಕ್ಕೂ ಒಂದೇ ವೇಷ: ಕಂದು ಬಣ್ಣ, ಸುಟ್ಟಂತೆ ಕಾಣುವ ಅಂಚು, ಮೇಲೆ ನಾಲ್ಕು ಸುಳ್ಳು ಗೀರು. ಚೆಂದ ಕಾಣ್ತದೆ, ಇಲ್ಲ ಅನ್ನೋದಿಲ್ಲ. ಆದರೆ ಊರು ಬಿಟ್ಟು ಬಂದವರ ಮನೆಯಲ್ಲಿ ಫೋಟೋ ಮಾಡಬೇಕಾದ ಕೆಲಸವನ್ನೇ ಈ ಚೆಂದ ಕೆಡಿಸುತ್ತದೆ ಎಂಬುದು ನನ್ನ ತಕರಾರು.

ಈ ಕಂದು ಬಣ್ಣ ಎಲ್ಲಿಂದ ಬಂತು? 19ನೇ ಶತಮಾನದ ಬಹಳಷ್ಟು ಫೋಟೋಗಳನ್ನು ಮೊಟ್ಟೆಯ ಬಿಳಿ ಲೋಳೆ ಸವರಿದ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು. ಕಾಲ ಕಳೆದಂತೆ ಅವು ಹಳದಿಯಾದವು. ಆಮೇಲೆ ಸ್ಟುಡಿಯೋದವರು ಬೇಕೆಂದೇ ಸೆಪಿಯಾ ಮಾಡತೊಡಗಿದರು. ಫೋಟೋದಲ್ಲಿರುವ ಬೆಳ್ಳಿಯನ್ನು ರಾಸಾಯನಿಕದಿಂದ ಸಲ್ಫೈಡ್ ಆಗಿ ಬದಲಿಸಿದರೆ ಚಿತ್ರ ಕಂದಾಗುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಇನ್ನು 1970-80ರ ಕಲರ್ ಪ್ರಿಂಟುಗಳು ಕೆಂಪಗಾಗಿದ್ದು ಬಣ್ಣ ಮಾಸಿದ್ದರಿಂದ. 2010ರಲ್ಲಿ ಇನ್‌ಸ್ಟಾಗ್ರಾಂ ಬಂದ ಮೇಲೆ ಹೀಗೆ ಮಾಸಿದ್ದೇ ಫ್ಯಾಶನ್ ಆಯಿತು. ಹಿರಿಯರು ಬಾಳಿಕೆ ಬರಲಿ ಅಂತ ಮಾಡಿಸಿದ್ದನ್ನು ನಾವು ಮುಪ್ಪಿನ ವೇಷಕ್ಕೆ ಬಳಸುತ್ತಿದ್ದೇವೆ.

ನಮ್ಮ ಮನೆಯ ಪುಸ್ತಕವೂ ಇದಕ್ಕೆ ಹೊರತಲ್ಲ. 1966ರಲ್ಲಿ ಗದಗಿನ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಒಂದಿತ್ತು. ಅಪ್ಪ, ಅವ್ವ, ನನ್ನ ಅಕ್ಕ, ಸ್ಟೂಲಿನ ಮೇಲೆ ನಾನು. ಪುಸ್ತಕ ಮಾಡಿದವರು ಅದರ ಬಿಳಿ ಅಂಚನ್ನೂ ಕೆಳಗಿದ್ದ ಸ್ಟುಡಿಯೋ ಹೆಸರನ್ನೂ ಕತ್ತರಿಸಿ ಕಂದು ಬಳಿದರು. ಎದುರು ಪುಟದಲ್ಲಿ ಹೋದ ವರ್ಷ ಹುಬ್ಬಳ್ಳಿಯಲ್ಲಿ ತೆಗೆದ ಅಕ್ಕನ ಫೋಟೋ, ಅದಕ್ಕೂ ಅದೇ ಬಣ್ಣ. ಮೊಮ್ಮಗಳು ಎರಡೂ ನೋಡಿ, "ಅಜ್ಜಾ, ಹುಬ್ಬಳ್ಳಿ ಅಜ್ಜೀನೂ ಹೋಗಿಬಿಟ್ಲೇನು?" ಅಂತ ಕೇಳಿದಳು. ಅಕ್ಕ ಹಿಂದಿನ ರಾತ್ರಿಯಷ್ಟೇ ಫೋನಿನಲ್ಲಿ ಮಾತಾಡಿದ್ದಳು. ಮಗುವಿನ ತಪ್ಪೇನಿದೆ ಹೇಳ್ರಿ? ಪುಸ್ತಕದಲ್ಲಿ ಇದ್ದವರು, ಹೋದವರು ಎಲ್ಲ ಒಂದೇ ಸಾಲಿನಲ್ಲಿ ಕೂತಿದ್ದಾರೆ.

ಬ್ಯಾಂಕಿನಲ್ಲಿ ಇಂದಿನ ವೋಚರಿಗೆ ಹಿಂದಿನ ತಾರೀಖು ಹಾಕಿದರೆ ಮೆಮೋ ಬರುತ್ತಿತ್ತು. ಫೋಟೋಕ್ಕೆ ಹಳೆಯ ಬಣ್ಣ ಹಚ್ಚುವುದೂ ಅದೇ ಜಾತಿಯ ಕೆಲಸ. ಇಲ್ಲಿ ಕೇಳುವ ಆಡಿಟರ್ ಇಲ್ಲ, ಅಷ್ಟೇ. ನಮ್ಮ ಹತ್ತಿರವೇ, ಲಾ ಕಾಲೇಜ್ ರಸ್ತೆಯಲ್ಲಿ, 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಹಳೆಯ ಸಿನಿಮಾ ದುರಸ್ತಿ ಮಾಡುವವರು ಗೀರು ತೆಗೆಯಲು ತಿಂಗಳುಗಟ್ಟಲೆ ಕೂಡುತ್ತಾರೆ. ನಾವು ದುಡ್ಡು ಕೊಟ್ಟು ಗೀರು ಹಾಕಿಸಿಕೊಳ್ಳುತ್ತೇವೆ! ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿ. ಜನರ ಉಡುಪು, ಬೀದಿ, ಮಕ್ಕಳ ಮುಖ, ಇವೇ ಕಾಲವನ್ನು ಹೇಳುತ್ತವೆ. ಮೇಲೆ ಬಣ್ಣ ಬೇಕಾಗುವುದಿಲ್ಲ.

ಊರಿನಲ್ಲೇ ಉಳಿದವರಿಗೆ ಫೋಟೋ ಸುಳ್ಳು ಹೇಳಿದರೂ ನಡೆದೀತು. ಓಣಿಯಲ್ಲಿ ಯಾರನ್ನಾದರೂ ಕೇಳಬಹುದು, ಮನೆ ಇನ್ನೂ ನಿಂತಿರುತ್ತದೆ. ನಮಗೆ ಇಲ್ಲಿ ಫೋಟೋದ ಹಿಂಬದಿಯೇ ಓಣಿ. ನಮ್ಮಪ್ಪ ಪೆನ್ಸಿಲಿನಲ್ಲಿ ಬರೆದ ಹೆಸರು, ಇಸವಿ, ಸ್ಟುಡಿಯೋ ಠಸ್ಸೆ ಎಲ್ಲ ಅಲ್ಲಿದೆ. ಫೋಟೋ ಪುಸ್ತಕ ಆ ಬದಿಯನ್ನು ತೋರಿಸುವುದೇ ಇಲ್ಲ.

ಆದ್ದರಿಂದ ನಾನು ಬೇರೆ ರೀತಿ ಜೋಡಿಸುತ್ತಿದ್ದೇನೆ. ವರ್ಗಾವಣೆಯ ಊರುಗಳೇ ನನಗೆ ಖಾತೆಗಳು: ರಾಯಚೂರು, ಸೊಲ್ಲಾಪುರ, ಸಾಂಗ್ಲಿ, ಪುಣೆ. ಪ್ರತಿ ಫೋಟೋದ ಎರಡೂ ಬದಿ ಸ್ಕ್ಯಾನ್. ಹಿಂದೆ ಬರೆಯುವುದು ಮೆತ್ತನೆಯ ಪೆನ್ಸಿಲಿನಲ್ಲಿ. ಬಾಲ್‌ಪೆನ್ ಒತ್ತಿದರೆ ಮುಂದೆ ಗುರುತು ಏಳುತ್ತದೆ. ಎಂಬತ್ತರ ದಶಕದ ಅಂಟಿನ ಆಲ್ಬಮ್ಮಿನಿಂದ ಫೋಟೋ ಬಿಡಿಸಿ ಕಾಗದದ ಲಕೋಟೆಗೆ ಹಾಕುತ್ತೇನೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಣ ಜಾಗದಲ್ಲಿಡುತ್ತೇನೆ. ವಾಟ್ಸಾಪಿನಲ್ಲಿ ಫೋಟೋ ಎಂದೇ ಕಳಿಸಿದರೆ ತೆಗೆದ ದಿನದ ವಿವರ ಹೋಗಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಅಕ್ಕನ ಮಗನಿಗೆ ಹೇಳಿದ್ದೇನೆ. ಕಂದು ಬಣ್ಣ ಬೇಕೇ ಬೇಕು ಅನ್ನುವವರು ಪ್ರತಿಯ ಮೇಲೆ ಹಚ್ಚಿಕೊಳ್ಳಲಿ, ಮೂಲಪ್ರತಿ ಹಾಗೇ ಇರಲಿ.

ಇನ್ನೊಂದು ಮಾತು. ಮೊಮ್ಮಗಳಿಗೆ ಮರಾಠಿ ಓದಲು ಬರುತ್ತದೆ, ಕನ್ನಡ ಇನ್ನೂ ಇಲ್ಲ. ಅದಕ್ಕೆ ಅಪ್ಪನ ಕನ್ನಡ ಅಕ್ಷರದ ಕೆಳಗೆ ಅದೇ ಹೆಸರನ್ನು ದೇವನಾಗರಿಯಲ್ಲೂ ಬರೆಯುತ್ತಿದ್ದೇನೆ. 1966ರ ಆ ಫೋಟೋದಲ್ಲಿದ್ದವರ ಪೈಕಿ ಹೆಸರು ಹೇಳಬಲ್ಲವರು ಈಗ ಇಬ್ಬರೇ, ಅಕ್ಕ ಮತ್ತು ನಾನು.